ಹಬ್ಬದ ದಿನ ಸೋರಿದ ಕಿವಿ

ಬಿಬವೇವಾಡಿಯ ನಮ್ಮ ಓಣಿಯ ದವಾಖಾನೆಗೆ ಇವತ್ತು ದೀಪಾವಳಿ ರಜೆ. ಮುಚ್ಚಿದ ಬಾಗಿಲು ನೋಡಿ, ಚಿಕ್ಕಂದಿನಲ್ಲಿ ನಾವಿದ್ದ ದೌಂಡದ ರೈಲ್ವೆ ಕ್ವಾರ್ಟರ್ಸ್ ನೆನಪಾಯಿತು.

ಅಂಥದೇ ಹಬ್ಬದ ಬೆಳಿಗ್ಗೆ ನನ್ನ ಎಡಗಿವಿ ನೋವೆದ್ದು ಸೋರತೊಡಗಿತ್ತು. ಡಾಕ್ಟರು ಊರಿಗೆ ಹೋಗಿದ್ದರು. ಅಪ್ಪ ಎಂದಿನಂತೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿದ. ಅವ್ವ ಮಾತ್ರ ಪಕ್ಕದ ಮನೆಯ ನಿವೃತ್ತ ನರ್ಸ್ ಕುಸುಮಕ್ಕನನ್ನು ಕರೆತಂದಳು. ಚಕ್ಕುಲಿ ಕರಿಯುತ್ತಿದ್ದವರು ಕೈ ತೊಳೆದು ಬಂದು, ಬ್ಯಾಟರಿ ಹಿಡಿದು ನೋಡಿದರು.

“ಎಣ್ಣಿ ಹಾಕಬ್ಯಾಡ್ರಿ. ಒಳಗಿನ ಪರದೆ ಹರದದ.”

“ನಮ್ಮವ್ವ ಎಲ್ಲಾರಿಗೂ ಹಾಕ್ತಿದ್ಲ್ರಿ,” ಅಂದ ಅಪ್ಪ.

“ಈ ಕಿವಿಗೆ ಬ್ಯಾಡ್ರಿ.”

ಅಪ್ಪ ಬಟ್ಟಲನ್ನು ಕೆಳಗಿಟ್ಟ.

ರಜೆ ಮುಗಿಸಿ ಬಂದ ಡಾಕ್ಟರು, ಎಣ್ಣೆ ಹಾಕದಿದ್ದುದೇ ಒಳ್ಳೆಯದಾಯಿತು ಎಂದರು. ವಾಪಸು ಬರುವಾಗ ಅಪ್ಪ, ನಡೆಯಬಲ್ಲ ನನ್ನನ್ನು ಮನೆಯತನಕ ಎತ್ತಿಕೊಂಡೇ ಬಂದ.

ಕಿವಿ ಪೂರ್ತಿ ವಾಸಿಯಾಯಿತು; ಈಗಲೂ ಫೋನನ್ನು ನಾನು ಆ ಎಡಗಿವಿಗೇ ಹಿಡಿಯುತ್ತೇನೆ.