ಎಕ್ಸ್‌ರೇ ಕೋಣೆಯ ಅರಿಶಿಣದ ಕೊಂಬು

ಚನ್ನಗಿರಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗಕ್ಕೆ ನುಜಹತ್ ಮುಖ್ಯಸ್ಥೆ. ಅವಳ ಮೇಜಿನ ಡ್ರಾಯರ್ ಎಳೆದರೆ ಪೆನ್ನಿಗಿಂತ ಮೊದಲು ಕೈಗೆ ಸಿಗುವುದು ಹಳದಿ ದಾರಕ್ಕೆ ಕಟ್ಟಿಟ್ಟ ಅರಿಶಿಣದ ಕೊಂಬುಗಳು. ಹೊಸದಾಗಿ ಕೆಲಸಕ್ಕೆ ಸೇರಿದವರು ಕಣ್ಣರಳಿಸುತ್ತಾರೆ. ಕೆರೆಬಿಳಚಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಇಮಾಮ್‌ಸಾಬರ ಮಗಳಿಗೆ ಇವೇತಕ್ಕಪ್ಪಾ? ಅದಕ್ಕೊಂದು ಕಥೆಯಿದೆ. ಕಥೆಯಲ್ಲಿ ಅವಳದೇ ಒಂದು ತಪ್ಪೂ ಇದೆ. ಯಾರೇ ಕೇಳಲಿ, ಎರಡನ್ನೂ ಹೇಳಿಬಿಡುತ್ತಾಳೆ.

ಅವಳು ಎಕ್ಸ್‌ರೇ ಡಿಪ್ಲೊಮಾ ಓದುತ್ತೇನೆ ಎಂದಾಗ ಓಣಿಯವರಿಗೆ ನಿದ್ದೆ ಬರಲಿಲ್ಲ. "ಕತ್ತಲೆ ಕೋಣೆ ಕೆಲಸವಂತೆ, ಹೆಣ್ಣುಹುಡ್ಗಿಗೆ ಯಾಕ್ರೀ ಸಾಬ್ರೆ?" ಎಂದು ಮನೆಗೇ ಬಂದು ಕೇಳಿದರು. ಇಮಾಮ್‌ಸಾಬ್ ಕುಲುಮೆಯಿಂದ ತಲೆ ಎತ್ತಲಿಲ್ಲ. "ನಾನು ತಪ್ಪಲೆ ಒಳಗಿನ ಕಿಲುಬು ನೋಡ್ತೀನಿ, ಅವ್ಳು ಎದೆ ಒಳಗಿಂದು ನೋಡ್ತಾಳೆ. ಮನೆ ಕಸುಬೇ ಅಲ್ವೇನ್ರೀ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲ ಕೆಲಸ ಸಿಕ್ಕಿದ್ದು ಹೊನ್ನಾಳಿಯ ಪುಟ್ಟ ಆಸ್ಪತ್ರೆಯೊಂದರಲ್ಲಿ, ನೇತ್ರಾವತಿ ಎಂಬ ಹಿರಿಯ ಟೆಕ್ನಿಶಿಯನ್ ಕೈಕೆಳಗೆ. ಮೂರು ತಿಂಗಳೂ ತುಂಬಿರಲಿಲ್ಲ. ಒಂದು ದಿನ ನ್ಯಾಮತಿಯ ತಿಪ್ಪಮ್ಮ ಬಂದಳು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸು. ತಿಂಗಳಿಂದ ಕೆಮ್ಮು, ಹೊಗೆಯದ್ದೇ ಇರಬೇಕೆಂದು ಸುಮ್ಮನಿದ್ದವಳು. ಎದೆಯ ಎಕ್ಸ್‌ರೇ ತೆಗೆಯುವಾಗ ಕೊರಳಲ್ಲಿ ಲೋಹ ಇರಬಾರದು. "ತಾಳಿ ಬಿಚ್ಚಿಡಿ ಅಕ್ಕಾ" ಎಂದದ್ದೇ ತಡ, ತಿಪ್ಪಮ್ಮನ ಕಣ್ಣಲ್ಲಿ ನೀರು. "ಬರೀ ಕೊಳ್ಳಲ್ಲಿ ಹೆಂಗೆ ನಿಲ್ಲಲಿ ತಾಯಿ? ಅತ್ತೆಗೆ ಗೊತ್ತಾದ್ರೆ ನನ್ನ ಸಿಗಿದು ತೋರಣ ಕಟ್ತಾಳೆ."

ನುಜಹತ್‌ಗೆ ಅಯ್ಯೋ ಅನಿಸಿತು. ಬೇರೆ ಜಾತಿಯವಳಾಗಿ ತಾಳಿ ಬಿಚ್ಚೆಂದು ಒತ್ತಾಯ ಮಾಡಲು ಬಾಯೂ ಬರಲಿಲ್ಲ. "ಹೋಗ್ಲಿ, ಹೆಗಲ ಮೇಲಕ್ಕೆ ಸರಿಸ್ಕೊಳ್ಳಿ" ಎಂದು ಚಿತ್ರ ತೆಗೆದಳು. ಡಾಕ್ಟರು ಅವಸರದಲ್ಲಿ ನೋಡಿ, ಏನಿಲ್ಲ ಎಂದು ಸಿರಪ್ ಬರೆದು ಕಳಿಸಿದರು.

ಮಧ್ಯಾಹ್ನ ನೇತ್ರಾವತಿ ದಿನದ ಚಿತ್ರಗಳನ್ನು ಮತ್ತೊಮ್ಮೆ ನೋಡುತ್ತಾ ಇದೊಂದರ ಮುಂದೆ ನಿಂತುಬಿಟ್ಟರು. ಎಡಗಡೆ ಶ್ವಾಸಕೋಶದ ಮೇಲ್ತುದಿಯಲ್ಲಿ ತಾಳಿಯ ಎರಡು ಬೊಟ್ಟು ಬೆಳ್ಳಗೆ ಕೂತಿದ್ದವು. "ಕ್ಷಯ ಮೊದಲು ಕೂರಾದು ಇಲ್ಲೇ ಕಣೇ. ಬೊಟ್ಟಿನ ಹಿಂದೆ ಏನೈತೋ ಯಾರಿಗೆ ಗೊತ್ತು?" ನುಜಹತ್ ಅಳತೊಡಗಿದಳು. ಆ ಹೆಂಗಸಿನ ಗತಿ? ತನ್ನ ಕೆಲಸದ ಗತಿ?

ನೇತ್ರಾವತಿಯೇ ಹೋಗಿ ಡಾಕ್ಟರಿಗೆ ಹೇಳಿದರು. "ಯಾರ್ರೀ ತೆಗೆದಿದ್ದು ಇದನ್ನ?" ಎಂದು ಅವರು ರೇಗಿದರು.

"ವಿಭಾಗ ನಂದು ಸಾರ್, ತಪ್ಪೂ ನಂದೇ" ಎಂದರು ನೇತ್ರಾವತಿ. ಹೊರಗೆ ಬಂದು, ಅಳುತ್ತಿದ್ದ ಹುಡುಗಿಯ ಕೈಗೆ ತಮ್ಮ ಚಿತ್ರಾನ್ನದ ಡಬ್ಬಿ ಕೊಟ್ಟರು. "ಅಳಾಕೆ ಆಮೇಲೆ ಟೈಮ್ ಐತೆ. ಬಸ್ಸಲ್ಲಿ ತಿನ್ಕೊ. ಹೋಗಿ ಕರ್ಕೊಂಡು ಬಾ."

ನ್ಯಾಮತಿಯಲ್ಲಿ ಬಾಗಿಲು ತೆರೆದವಳು ಅತ್ತೆ ಶಂಕರಮ್ಮನೇ. ನುಜಹತ್ ಎಲ್ಲ ಹೇಳಿ, "ತಪ್ಪು ನಂದಜ್ಜಿ, ಆವಾಗ್ಲೇ ಬಿಚ್ಚಿಸ್ಬೇಕಿತ್ತು" ಎಂದಳು. ಮುದುಕಿ ಸೊಸೆಯ ಕಡೆ ತಿರುಗಿದಳು.

"ಅಲ್ವೇ, ಸರ ಹರಿದಾಗ ಅಕ್ಕಸಾಲಿಗೆ ಕೊಡಲ್ವೇನೆ? ಆವಾಗ ಏನ್ ಕಟ್ಕೊಂತೀಯ? ಅರಿಶಿಣದ ಕೊಂಬು ತಾನೆ? ಅದನ್ನೇ ಕಟ್ಕೊಂಡು ನಿಂತ್ಕೊ! ನನ್ನ ಒಂದು ಮಾತು ಕೇಳಿದ್ರೆ ಇಷ್ಟೆಲ್ಲಾ ಯಾಕಾಗ್ತಿತ್ತು?" ಎಂದು ಒಳಗಿನಿಂದ ಕೊಂಬು ತಂದು, ತಾನೇ ದಾರ ಸುತ್ತಿ ಸೊಸೆಯ ಕೊರಳಿಗೆ ಕಟ್ಟಿ, ತಾಳಿಯನ್ನು ಸೆರಗಿನ ಗಂಟಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಎರಡನೆಯ ಚಿತ್ರದಲ್ಲಿ ಬೊಟ್ಟು ಕೂತಿದ್ದ ಜಾಗದಲ್ಲಿ ಮಸುಕು ಕಲೆಯಿತ್ತು. ಕಫ ಪರೀಕ್ಷೆಯಲ್ಲಿ ಕ್ಷಯವೇ ಎಂದು ಖಚಿತವಾಯಿತು. ಆರು ತಿಂಗಳು ಮಾತ್ರೆ ನುಂಗಿ ತಿಪ್ಪಮ್ಮ ಗುಂಡುಕಲ್ಲಿನಂತಾದಳು. ಅಂದಿನಿಂದ ಪ್ರತಿ ಯುಗಾದಿಗೆ ಒಂದು ಚೀಲ ಮಂಡಕ್ಕಿ, ಒಂದು ಹಿಡಿ ಕೊಂಬು ನುಜಹತ್‌ಗೆ ಬರುತ್ತವೆ. ಆಮೇಲೆ ಅವಳು ಜಗಳೂರಿನಲ್ಲಿ ಆರು ವರ್ಷ ದುಡಿದಳು, ಚನ್ನಗಿರಿಗೆ ಬಂದಳು, ಮುಖ್ಯಸ್ಥೆಯೂ ಆದಳು. ತಾಳಿ ಬಿಚ್ಚಲು ಅಳುಕುವವರಿಗೆಂದು ಕೊಂಬು ಮಾತ್ರ ಹೋದಲ್ಲೆಲ್ಲ ಜೊತೆಗೆ ಬಂತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಎಕ್ಸ್‌ರೇ ಕೋಣೆಗೂ ಆ ಮಾತು ಸಲ್ಲುತ್ತದೆ. ಕಳೆದ ತಿಂಗಳು ಹೊಸ ಹುಡುಗಿ ಮದೀಹಾ, ಬಸವಾಪಟ್ಟಣದ ದುರುಗಪ್ಪಜ್ಜ ಹಟ ಹಿಡಿದನೆಂದು ಕೊರಳ ತಾಯತ ಬಿಚ್ಚಿಸದೆ ಚಿತ್ರ ತೆಗೆದು ಕಳಿಸಿಬಿಟ್ಟಿದ್ದಳು. ಡಾಕ್ಟರು ಬಾಗಿಲಲ್ಲೇ ನಿಂತು, "ಯಾರು ತೆಗೆದಿದ್ದು?" ಎಂದು ಗುಡುಗಿದರು.

"ವಿಭಾಗ ನಂದು ಸಾರ್, ತಪ್ಪೂ ನಂದೇ."

ಹೇಳಿದ ಮೇಲೆಯೇ ನುಜಹತ್‌ಗೆ ಅದು ಯಾರ ಮಾತೆಂದು ನೆನಪಾಯಿತು. ಆ ದಿನ ನೇತ್ರಾವತಿ ಇರದಿದ್ದರೆ ತಾನು ಊರಿಗೆ ವಾಪಸ್ಸಾಗಿ ಕಲಾಯಿ ಕುಲುಮೆಗೆ ತಿದಿ ಒತ್ತಬೇಕಾಗುತ್ತಿತ್ತು, ತಿಪ್ಪಮ್ಮ ಇರುತ್ತಲೇ ಇರಲಿಲ್ಲವೇನೋ. ಅಜ್ಜನನ್ನು ಕರೆತರಲು ಮದೀಹಾಳನ್ನು ಬಸ್ಸು ಹತ್ತಿಸಿ ಬಂದು, ನಿವೃತ್ತರಾಗಿ ಹೊನ್ನಾಳಿಯಲ್ಲಿರುವ ನೇತ್ರಾವತಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. "ನಿಮ್ಮ ಋಣ ಹೆಂಗೆ ತೀರಿಸ್ಲಿ ಅಕ್ಕಾ?" ಎಂದಳು.

ನೇತ್ರಾವತಿ, "ಹುಡ್ಗಿ ಉಂಡಿದ್ಲೇನೆ?" ಎಂದು ಕೇಳಿದರು.

"ನನ್ನ ಡಬ್ಬಿ ಕೊಟ್ಟು ಕಳ್ಸಿದೀನಿ ಅಕ್ಕಾ."

"ಹಂಗಾದ್ರೆ ತೀರ್ತು ಬಿಡು" ಎಂದರು.