ಜಯಮ್ಮನಿಗೆ ಎಡೆ

ಹಿರಿಯರ ಹಬ್ಬದಲ್ಲಿ ಎಡೆಯಿಟ್ಟು ಕೋಣೆಯ ಬಾಗಿಲು ಮುಚ್ಚಿದರೆ ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವನಲ್ಲ. ಮನೆಯವರ ಸಮಾಧಾನಕ್ಕೆ ಕೈಮುಗಿಯುತ್ತಿದ್ದೆ, ಅಷ್ಟೆ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಸೊಸೆಗೆ ನಮ್ಮ ಮನೆತನದ ಚರಿತ್ರೆ ಬರೆದಿಡುವ ಆಸೆ ಹುಟ್ಟಿತು. "ಮಾವ, ಮೊದ್ಲು ನಿಮಗೆ ಗೊತ್ತಿರೋದ್ನ ಹೇಳಿ. ಆಮೇಲೆ ದೊಡ್ಡೋರನ್ನ ಕೇಳೋಣ" ಎಂದಳು. ಮುತ್ತಾತನವರೆಗೆ ಹೇಳಿದೆ. ಅದಕ್ಕೂ ಹಿಂದಿನವರ ಹೆಸರು ಕೇಳಲು ಅರಳಗುಪ್ಪೆಯಲ್ಲಿದ್ದ ಸೋದರತ್ತೆಯ ಹತ್ತಿರ ಹೋದೆ. ಎಲೆ ಅಡಿಕೆ ಕುಟ್ಟುತ್ತಾ ಅತ್ತೆ ಒಂದೊಂದೇ ಹೆಸರು ಹೇಳಿದಳು. ಕೊನೆಗೆ ಕುಟ್ಟುವುದನ್ನು ನಿಲ್ಲಿಸಿ, "ಜಯನ್ನ ಎಲ್ಲಿ ಬರಸ್ದೆ?" ಎಂದಳು.

ನಾನು ಹೆಸರು ಬರೆದುಕೊಂಡಿದ್ದ ಹಾಳೆಯನ್ನು ಮಡಚತೊಡಗಿದೆ.

"ಸತ್ತೋರ ಹೆಸ್ರು ಹುಡುಕ್ಕೊಂಡು ಬಸ್ ಹತ್ತಿ ಬಂದವ್ನೆ ನೋಡು! ಬದುಕಿದ್ದೋಳಿಗೆ ಎಡೆ ಇಕ್ಕಿದೋನು ನೀನೇ ಅಲ್ವೇನ್ಲಾ?"

ನಿಜ. ನನ್ನ ತಂಗಿ ಜಯಮ್ಮ ತಿಪಟೂರಿನ ಒಬ್ಬ ಟೈಲರನನ್ನು ಜಾತಿ ಬಿಟ್ಟು ಮದುವೆಯಾದ ವರ್ಷ, ಅವಳು ನಮ್ಮ ಪಾಲಿಗೆ ಸತ್ತಳು ಎಂದು ಅಪ್ಪ ಹಿರಿಯರ ಸಾಲಿನಲ್ಲಿ ಅವಳಿಗೂ ಎಡೆ ಇಡಿಸಿದರು. ಎಲೆ ಹಾಕಿ ಬಡಿಸಿದವನು ನಾನು. ಪಾಯಸವನ್ನೂ ಮರೆಯಲಿಲ್ಲ.

ಅತ್ತೆ ಹಾಗಂದ ಮೇಲೆ ಜಯಮ್ಮನನ್ನು ಹುಡುಕಲು ಹೊರಟೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲ ಕಡೆ ಟೈಲರ್ ಅಂಗಡಿಗಳಲ್ಲಿ ಹುಚ್ಚನಂತೆ ವಿಚಾರಿಸಿದೆ. ಶಿರಾ ಕಡೆ ಹೋದರು ಎಂದರು ಒಬ್ಬರು. ಆಯಮ್ಮ ತೀರಿಕೊಂಡರಂತೆ ಎಂದರು ಇನ್ನೊಬ್ಬರು. ಅಷ್ಟರಲ್ಲಿ ಹಬ್ಬ ಬಂತು. ಸತ್ತಿದ್ದರೆ ಅವಳು ಹಸಿದಿರಬಾರದು. ಬದುಕಿದ್ದರೆ ನಾನು ಅವಳನ್ನು ಮತ್ತೊಮ್ಮೆ ಸಾಯಿಸಬಾರದು. ಎಲೆಗಳ ಮುಂದೆ ಕುಳಿತೇ ಇದ್ದೆ.

"ಪಾಯಸ ಆರೋಯ್ತದೆ ಕಣ್ರೀ. ಇಕ್ತೀರೋ ಬುಡ್ತೀರೋ?" ಎಂದು ಹೆಂಡತಿ ರೇಗಿದಳು.

ಹಿರಿಯರಿಗೆಲ್ಲ ಬಡಿಸಿದೆ, ಜಯಮ್ಮನಿಗೆ ಮಾತ್ರ ಎಡೆ ಇಡಲಿಲ್ಲ. ಕೋಣೆಯ ಬಾಗಿಲು ಮುಚ್ಚಿದೆವು. ನಾಯಿ ನುಗ್ಗದಿರಲೆಂದು ಬೀದಿಬಾಗಿಲನ್ನೂ ಮುಚ್ಚಿ ನಡುಮನೆಯಲ್ಲಿ ಕುಳಿತೆವು. ಸ್ವಲ್ಪ ಹೊತ್ತಿನಲ್ಲೇ "ಅಣ್ಣಾ, ಬಾಗ್ಲು ತೆಗಿ" ಎಂದು ಹೆಂಗಸಿನ ದನಿ ಕೇಳಿತು. ನಾನು ಕೋಣೆಯ ಬಾಗಿಲಿಗೆ ಓಡಿದೆ, ಹೆಂಡತಿ ಬೀದಿಬಾಗಿಲಿಗೆ. ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಬಡಿಸಿದ್ದೆಲ್ಲ ಹಾಗೆಯೇ ಇತ್ತು. ಬೀದಿಯಲ್ಲೂ ಯಾರೂ ಇರಲಿಲ್ಲ.

"ಹೊರಗಿಂದ ಕರೆದ್ರು ಕಣ್ರೀ, ನಾನೇ ಕೇಳಿಸ್ಕೊಂಡೆ" ಎಂದು ಹೆಂಡತಿ ಇಂದಿಗೂ ಆಣೆಯಿಟ್ಟು ಹೇಳುತ್ತಾಳೆ. ನನಗೆ ಅದು ಕೋಣೆಯ ಒಳಗಿನಿಂದಲೇ ಕೇಳಿಸಿತ್ತು. ಹೆಂಡತಿಯ ಮಾತೇ ನಿಜವಾಗಲಿ ಎಂದು ಬೇಡಿಕೊಳ್ಳುತ್ತೇನೆ. ಆದರೂ ಪ್ರತಿ ವರ್ಷ ಹಬ್ಬದ ದಿನ ಒಂದು ಎಲೆ ಹೆಚ್ಚಿಗೆ ಕೊಯ್ದು ತರುತ್ತೇನೆ. ಹಾಕಲೋ ಬೇಡವೋ ತಿಳಿಯದೆ ಅದನ್ನು ಕೈಯಲ್ಲಿ ಹಿಡಿದು ನಿಂತಿರುತ್ತೇನೆ.