ಕೈ ಊರದೆ ಏಳುವುದು

ಮೂವತ್ತೆಂಟು ವರ್ಷ ಗೋಡೆಗಳಿಗೆ ಬಣ್ಣ ಬಳಿದವನನ್ನು ಬೀದಿಯವರೆಲ್ಲ ‘ಏಣಿ’ ಎಂದೇ ಕರೆಯುತ್ತಿದ್ದರು. ಹೆಗಲ ಮೇಲೆ ಏಣಿ ಇಲ್ಲದೆ ಅವನನ್ನು ಕಂಡವರೇ ಕಡಿಮೆ. ಅಂಥವನು ಅರವತ್ತೈದನೆಯ ವಯಸ್ಸಿನಲ್ಲಿ ಬಿದ್ದದ್ದು ಮೂರನೇ ಮಹಡಿಯಿಂದಲ್ಲ, ಗೇಣೆತ್ತರದ ಫುಟ್‌ಪಾತಿನಿಂದ. ಬಲಗಾಲು ಮುರಿಯಿತು. ತೊಡೆಯಿಂದ ಹಿಮ್ಮಡಿಯವರೆಗೆ ಏಳು ವಾರ ಪ್ಲಾಸ್ಟರು.

ಹೆಂಡತಿ ತೀರಿಕೊಂಡ ಮೇಲೆ ಅವನು ಅಕ್ಕನ ಮನೆಯಲ್ಲಿದ್ದ. ಎಪ್ಪತ್ತಮೂರರ ಅಕ್ಕ ನಿವೃತ್ತ ನರ್ಸು. “ಮಲಗಿದಲ್ಲೇ ತೊಡೆ ಬಿಗಿ ಮಾಡಿ ಬಿಡು. ಆ ಎಡಗಾಲನ್ನಾದ್ರೂ ಎತ್ತಿ ಇಳಿಸು” ಎಂದು ದಿನಾ ಹೇಳುತ್ತಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

“ಇಷ್ಟು ವರ್ಷ ದುಡಿದ ಕಾಲು ಕಣಕ್ಕ ಇದು. ರಜ ತಗೊಳ್ಳಲಿ ಬಿಡು” ಎಂದು ಅವನು ರೇಡಿಯೊದ ಸದ್ದು ಏರಿಸುತ್ತಿದ್ದ.

ಏಳು ವಾರ ಕಳೆದು ಪ್ಲಾಸ್ಟರು ಬಿಚ್ಚಿದರು. ತೊಡೆಯ ಚರ್ಮ ಖಾಲಿ ಚೀಲದಂತೆ ಜೋತಿತ್ತು. ಅಕ್ಕ ಟೇಪು ಹಿಡಿದು ಅಳೆದಳು. ಎಡತೊಡೆಗಿಂತ ಎರಡಿಂಚು ಕಡಿಮೆ. ಎದ್ದು ನಿಂತರೆ ಮಂಡಿ ಗಡಗಡ ನಡುಗಿತು. ಅಂದು ಆಸ್ಪತ್ರೆಯ ವ್ಯಾಯಾಮದ ಡಾಕ್ಟರಮ್ಮ, “ಮೂಳೆ ಕೂಡಿದೆ. ಆದರೆ ಮಾಂಸ ತಾನಾಗಿ ಬರಲ್ಲ, ನೀವೇ ಕರೀಬೇಕು” ಎಂದು ಹೇಳಿ ಒಂದು ಚೀಟಿ ಕೊಟ್ಟಳು. ಕುರ್ಚಿಯಿಂದ ಕೈ ಊರದೆ ಏಳುವುದು, ಹಿಮ್ಮಡಿ ಎತ್ತುವುದು, ಮೂರು ಹೊತ್ತೂ ಮೊಟ್ಟೆಯೋ ಬೇಳೆಯೋ ಹಾಲೋ ತಟ್ಟೆಯಲ್ಲಿರುವುದು.

ಮರುದಿನ ಬೆಳಿಗ್ಗೆ ಅವನು ಎರಡು ಸಲ ಎದ್ದು ಮೂರನೆಯದಕ್ಕೆ ಕುಸಿದು ಕುಳಿತ. “ನನ್ನ ಕೈಲಾಗಲ್ಲ.”

“ಇದೇನು ಮಹಾ! ನೋಡು ಇಲ್ಲಿ” ಎಂದು ಅಕ್ಕ ಎದುರಿನ ಕುರ್ಚಿಯಲ್ಲಿ ಕುಳಿತು, ಎದೆಯ ಮೇಲೆ ಕೈ ಕಟ್ಟಿ, ಮುಂದಕ್ಕೆ ಬಾಗಿದಳು. ಏಳಲಿಲ್ಲ. ಮತ್ತೆ ಬಾಗಿದಳು. ಮುಖ ಕೆಂಪಾಯಿತೇ ಹೊರತು ಸೊಂಟ ಕುರ್ಚಿ ಬಿಡಲಿಲ್ಲ.

“ಕುರ್ಚಿ ತಗ್ಗಾಗಿದೆ” ಎಂದಳು.

ಏಣಿಗೆ ನಗು ಬಂತು. “ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!” ಎಂದುಬಿಟ್ಟ. ಆದರೆ ಅವಳು ನಗಲಿಲ್ಲ. ಮೇಜಿನ ಅಂಚು ಹಿಡಿದು, ತೋಳಿನ ಬಲದಿಂದ ಮೈ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವಳು ಎಷ್ಟು ದಿನದಿಂದ ಹೀಗೆ ಏಳುತ್ತಿದ್ದಾಳೆ? ಒಂದೇ ಸೂರಿನಡಿ ಇದ್ದೂ ಅವನು ಗಮನಿಸಿರಲಿಲ್ಲ. ಅವಳಿಗೆ ಯಾವ ಮೂಳೆಯೂ ಮುರಿದಿರಲಿಲ್ಲ. ಬರೀ ಕುಳಿತಿದ್ದಳು, ಅಷ್ಟೇ. ಅವನ ಕಾಲಿಗೆ ಏಳು ವಾರದಲ್ಲಿ ಆದದ್ದು ಅವಳ ಕಾಲಿಗೆ ಹತ್ತು ವರ್ಷದಲ್ಲಿ ಸದ್ದಿಲ್ಲದೆ ಆಗಿತ್ತು.

ಅವನು ಕುಂಟುತ್ತ ಹೋಗಿ ಅವಳ ಕುರ್ಚಿಯ ಮೇಲೆ ಎರಡು ದಿಂಬು ಹಾಕಿದ. “ಬಾರಕ್ಕ. ಈಗ ತಗ್ಗಿಲ್ಲ. ನೀನು ಎದ್ದಷ್ಟು ಸಲ ನಾನೂ ಏಳ್ತೀನಿ.”

ಅಲ್ಲಿಂದ ಶುರುವಾದದ್ದು ಹಟ. ದಿನಕ್ಕೆ ಐದು, ಆಮೇಲೆ ಎಂಟು. ಬಣ್ಣದ ಡಬ್ಬಿಗಳಿಗೆ ಮರಳು ತುಂಬಿ ಅಕ್ಕ ಎರಡು ಕೈಯಲ್ಲಿ ಎತ್ತಿದಳು. ಬರೀ ಬ್ರೆಡ್ಡು ಟೀಯಲ್ಲಿ ರಾತ್ರಿಯೂಟ ಮುಗಿಸುತ್ತಿದ್ದವಳ ತಟ್ಟೆಗೆ ಅವನು ಮೊಟ್ಟೆ ಬಡಿಸಿ ಕಾವಲು ಕುಳಿತ. ಮೂರನೇ ವಾರ ತೊಡೆ ನೋವಿಗೆ ಇಬ್ಬರೂ ಒಬ್ಬರಿಗೊಬ್ಬರು ಶಾಪ ಹಾಕಿದರು, ಒಂದು ದಿನ ಮಾತೂ ಬಿಟ್ಟರು. ಲೆಕ್ಕ ಮಾತ್ರ ಬಿಡಲಿಲ್ಲ, ಬೆರಳು ತೋರಿಸಿಯೇ ಎಣಿಸಿದರು. ಎರಡು ತಿಂಗಳಿಗೆ ಒಂದು ದಿಂಬು ಹೋಯಿತು, ಮೂರಕ್ಕೆ ಇನ್ನೊಂದು.

ಐದನೇ ತಿಂಗಳು ಅವನು ಡಾಕ್ಟರ ಒಪ್ಪಿಗೆ ಪಡೆದು ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಿಂತು ಅಡುಗೆಮನೆಗೆ ಬಣ್ಣ ಬಳಿಯುತ್ತಿದ್ದಾಗ ಬಚ್ಚಲಿನಲ್ಲಿ ದೊಪ್ಪೆಂದು ಸದ್ದಾಯಿತು. ಬ್ರಷ್ಷು ಬಿಸಾಡಿ, ಒಂದೊಂದೇ ಮೆಟ್ಟಿಲು ಇಳಿದು ಬಾಗಿಲು ಬಡಿದ.

“ಅಕ್ಕಾ! ಬಾಗಿಲು ಒಡೀಲಾ?”

“ಒಡೆದರೆ ರಿಪೇರಿ ನೀನೇ ಮಾಡಬೇಕು” ಎಂದಳು ಒಳಗಿನಿಂದ. “ಜಾರಿ ಕೂತೆ, ಅಷ್ಟೇ. ಏನೂ ಮುರಿದಿಲ್ಲ. ಮಂಡಿ ಊರಿದೀನಿ. ಸುಮ್ನಿರು, ಏಳ್ತಿದೀನಿ.”

ಅವನು ಬಾಗಿಲಿಗೆ ಕಿವಿಯಿಟ್ಟು ನಿಂತ. ಒಳಗೆ ಒಂದು ನರಳಿಕೆ, ಗೋಡೆಗೆ ಅಂಗೈ ಒತ್ತಿದ ಸದ್ದು. ಆಮೇಲೆ ಚಿಲಕ ಸರಿಯಿತು. ಅಕ್ಕ ತನ್ನ ಕಾಲ ಮೇಲೆ ನಿಂತಿದ್ದಳು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹಾಗೇನು ನೋಡ್ತೀಯ?” ಎಂದಳು. “ಟವೆಲು ಕೊಡು.”